ಉತ್ತರ ಗೊತ್ತಿದ್ದೂ ಬಾಯಿ ಬಿಡದ ಮಕ್ಕಳು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಹತ್ತನೇ ತರಗತಿಯವರೆಗೆ ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವಳು. ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿದೆ, ಪಾಠ ಮಾಡುವುದು ಎಂದೂ ಭಾರ ಅನ್ನಿಸಿರಲಿಲ್ಲ. ಈ ವರ್ಷದ ಎಂಟನೇ ತರಗತಿ ಮಾತ್ರ ನನ್ನನ್ನು ಸೋಲಿಸುತ್ತಿದೆ.

ಸುತ್ತಲಿನ ನಾಲ್ಕಾರು ಊರುಗಳ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳು, ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ ಬಿಟ್ಟು ಬಂದ ಕೆಲವರು, ಎಲ್ಲ ಸೇರಿ ಐವತ್ತರ ಮೇಲಿದ್ದಾರೆ. ಒಳಗೆ ಹೋದ ಕೂಡಲೇ ಎದ್ದು ನಿಂತು ‘ಗುಡ್ ಮಾರ್ನಿಂಗ್ ಮೇಡಂ’ ಎನ್ನುತ್ತಾರೆ. ಆಮೇಲೆ ಏನು ಕೇಳಿದರೂ ತಲೆ ತಗ್ಗಿಸುತ್ತಾರೆ. ಬೋರ್ಡಿನ ಮೇಲಿನದನ್ನು ದುಂಡಗೆ ಬರೆದುಕೊಳ್ಳುತ್ತಾರೆ, ನೋಟ್ಸ್ ಪೂರ್ತಿ ಇರುತ್ತದೆ, ಒಂದು ವಾಕ್ಯ ಹೇಳು ಎಂದರೆ ಮಾತು ಹೊರಡುವುದಿಲ್ಲ. ಬಿಸಿಯೂಟದ ಹೊತ್ತಿಗೆ ನೋಡಿದರೆ ಇವರ ಮಾತಿಗೆ ಕೊನೆಯೇ ಇರುವುದಿಲ್ಲ.

ಹೋದ ತಿಂಗಳು ಒಂದು ದಿನ ಫಲಿತಾಂಶದ ಬಗ್ಗೆ ಮುಖ್ಯೋಪಾಧ್ಯಾಯರಿಂದ ಮಾತು ಕೇಳಿಸಿಕೊಂಡು ನೇರ ತರಗತಿಗೆ ಹೋಗಿದ್ದೆ. ಒಬ್ಬ ಹುಡುಗ ಗಟ್ಟಿಯಾಗಿ ಓದುವಾಗ ‘ನೈಫ್’ ಎನ್ನುವುದನ್ನು ‘ಕ್ನೈಫ್’ ಎಂದು ಓದಿದ. ಕಾನ್ವೆಂಟಿನಿಂದ ಬಂದ ಇಬ್ಬರು ಹುಡುಗಿಯರು ಕಿಸಕ್ಕೆಂದರು, ಇಡೀ ತರಗತಿ ನಕ್ಕಿತು. ಆ ಹುಡುಗಿಯರು ನನ್ನ ಉಚ್ಚಾರಣೆಯನ್ನೂ ಹಾಗೆಯೇ ಗಮನಿಸುತ್ತಿರುತ್ತಾರೆ. ನಕ್ಕವರನ್ನು ತಡೆಯುವ ಬದಲು ನಾನು ‘ಎಂಟನೇತ್ತಾಕ ಬಂದ್ರೂ ಇಷ್ಟೂ ಬರೂದಿಲ್ಲೇನು?’ ಎಂದು ಅವನನ್ನೇ ಗದರಿದೆ. ಅಂದಿನಿಂದ ನನ್ನ ಅವಧಿಯಲ್ಲಿ ಅವನು ಬಾಯಿ ತೆರೆದಿಲ್ಲ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದರೆ ಬೆಲ್ ಆಗುವ ತನಕ ಬರುವುದಿಲ್ಲ. ಗಣಿತದಲ್ಲಿ ಅವನೇ ಮುಂದು ಎಂದು ಅವರ ಸರ್ ಹೇಳುತ್ತಾರೆ.

‘ಛಡಿ ಬಿಟ್ಟಮ್ಯಾಲೆ ಹುಡುಗ್ರಿಗೆ ಅಂಜಿಕಿನ ಇಲ್ರಿ ಮೇಡಂ’ ಎನ್ನುತ್ತಾರೆ ಹಿರಿಯ ಸಹೋದ್ಯೋಗಿಯೊಬ್ಬರು. ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿ ‘ಶಿಕ್ಷಕರಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಇದ್ದರೆ ಮಕ್ಕಳು ತಾವಾಗಿಯೇ ತೊಡಗಿಕೊಳ್ಳುತ್ತಾರೆ’ ಎಂದರು. ಅದನ್ನು ಕೇಳಿದಾಗಿನಿಂದ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ. ನನ್ನಲ್ಲಿ ಅದು ಇಲ್ಲವೇ? ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಕಲಿಯಲು ಸಾಧ್ಯವೇ?

— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಪ್ರೀತಿಯ ಮೇಡಂ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಹೌದು, ಕಲಿಯಬಹುದು, ಯಾವ ವಯಸ್ಸಿನಲ್ಲೂ ಕಲಿಯಬಹುದು. ನಿಮ್ಮಲ್ಲಿ ಅದು ಇಲ್ಲವೇ ಇಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಐವತ್ತಕ್ಕೂ ಹೆಚ್ಚು ಮಕ್ಕಳ ನಡುವೆ ಒಬ್ಬ ಹುಡುಗ ನೀರಿನ ನೆಪದಲ್ಲಿ ಹೊರಗೆ ಹೋಗಿ ಬೆಲ್ ಆಗುವವರೆಗೆ ನಿಲ್ಲುತ್ತಾನೆ ಎಂಬುದು ನಿಮ್ಮ ಕಣ್ಣಿಗೆ ಬಿದ್ದಿದೆ, ಏಕೆ ಹೋಗುತ್ತಾನೆ ಎಂಬುದೂ ನಿಮಗೆ ಗೊತ್ತು.

1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸಲೋವಿ ಮತ್ತು ಜಾನ್ ಮೇಯರ್ ಭಾವನಾತ್ಮಕ ಬುದ್ಧಿಮತ್ತೆಯ ಪರಿಕಲ್ಪನೆಯನ್ನು ಮಂಡಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕದಿಂದ ಅದು ಮನೆಮಾತಾಯಿತು. ಅಷ್ಟೊತ್ತಿಗೆ ಅದರ ಅರ್ಥ ಸಡಿಲಗೊಂಡು, ಸದಾ ನಗುನಗುತ್ತಾ ಇರುವವರು, ಎಂದೂ ಸಿಟ್ಟಾಗದವರು ಎಂಬ ಚಿತ್ರ ಜನರ ಮನಸ್ಸಿನಲ್ಲಿ ಕೂತಿತು. ಮೇಯರ್ ಮತ್ತು ಸಲೋವಿ 1997ರಲ್ಲಿ ಅದನ್ನು ನಾಲ್ಕು ಕೌಶಲಗಳಾಗಿ ಬಿಡಿಸಿಟ್ಟರು: ಭಾವನೆಯನ್ನು ಗುರುತಿಸುವುದು, ಯೋಚನೆಗೆ ಅದನ್ನು ಬಳಸಿಕೊಳ್ಳುವುದು, ಅದು ಎಲ್ಲಿಂದ ಹುಟ್ಟಿತು ಮತ್ತು ಎಲ್ಲಿಗೆ ಹೋಗಬಹುದು ಎಂದು ಅರ್ಥಮಾಡಿಕೊಳ್ಳುವುದು, ಅದನ್ನು ನಿಭಾಯಿಸುವುದು. ಈ ನಾಲ್ಕರಲ್ಲಿ ಯಾವುದೂ ಹುಟ್ಟಿನಲ್ಲೇ ನಿಗದಿಯಾಗಿಬಿಡುವಂಥದ್ದಲ್ಲ. ಓದು ಬರಹದಂತೆಯೇ ಅಭ್ಯಾಸದಿಂದ ಬರುವಂಥವು.

ನಿಮ್ಮ ಪತ್ರದಲ್ಲಿ ನೀವು ಹೆಸರಿಡದೆ ಬಿಟ್ಟ ಭಾವನೆಯೊಂದಿದೆ. ಆ ಹುಡುಗಿಯರು ‘ನನ್ನ ಉಚ್ಚಾರಣೆಯನ್ನೂ ಗಮನಿಸುತ್ತಿರುತ್ತಾರೆ’ ಎಂದು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ನಿಮ್ಮ ಪತ್ರದ ತಿರುಳು ಅಲ್ಲೇ ಕಂಡಿತು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಆಗ ತಾನೇ ನಿಮ್ಮ ಕೆಲಸವನ್ನು ಅಳೆದಿದ್ದರು. ಆ ನೋವು ಆರುವ ಮುನ್ನ ತರಗತಿಯಲ್ಲಿ ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ನಗು ಕೇಳಿಸಿತು. ಕನ್ನಡ ಮಾಧ್ಯಮದಲ್ಲಿ ಓದಿ, ಕಷ್ಟಪಟ್ಟು ಇಂಗ್ಲಿಷ್ ಕಲಿತ ನಿಮಗೆ ಆ ನಗು ಎಲ್ಲಿ ತಾಕಿರಬಹುದು ಎಂದು ಊಹಿಸಬಲ್ಲೆ. ಆ ಕ್ಷಣ ನಿಮ್ಮದೂ ಆ ಹುಡುಗನದೂ ಒಂದೇ ಅಂಜಿಕೆ. ನಿಮ್ಮದು ಸಿಟ್ಟಾಗಿ ಹೊರಗೆ ಬಂತು, ಅವನದು ಮೌನವಾಗಿ ಒಳಗೆ ಉಳಿಯಿತು.

ಇದನ್ನು ನಿಮ್ಮ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಸಿಟ್ಟಿನ ಬೇರು ಗೊತ್ತಾದರೆ ಮುಂದಿನ ಸಲ ಅದು ಬರುವುದು ನಿಮಗೆ ಮೊದಲೇ ತಿಳಿಯುತ್ತದೆ. ಬಾಗಿಲ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ‘ಈಗ ನನಗೆ ಏನಾಗುತ್ತಿದೆ?’ ಎಂದು ಕೇಳಿಕೊಳ್ಳಿ. ‘ಅವಮಾನವಾಗಿದೆ’, ‘ಹೆದರಿಕೆಯಾಗಿದೆ’, ‘ದಣಿದಿದ್ದೇನೆ’ ಎಂದು ಮನಸ್ಸಿನಲ್ಲೇ ಹೆಸರಿಟ್ಟು ಒಳಗೆ ಹೋಗಿ. ಹೆಸರಿಟ್ಟ ಭಾವನೆ ನಿಮ್ಮ ಬಾಯಿಂದ ತಾನಾಗಿ ಹೊರಬೀಳುವ ಸಾಧ್ಯತೆ ಕಡಿಮೆ.

ಆ ಮೌನದ ಒಳಗೆ ಏನಿದೆ

ಮಕ್ಕಳ ಮೌನವನ್ನು ನಾವು ಬೇಗ ಸೋಮಾರಿತನ ಎಂದುಬಿಡುತ್ತೇವೆ, ನಿಮ್ಮ ಸಹೋದ್ಯೋಗಿ ಅಂಜಿಕೆಯೇ ಇಲ್ಲ ಎನ್ನುತ್ತಾರೆ. ನನಗೆ ಅಲ್ಲಿ ಕಾಣುವುದು ಅಂಜಿಕೆಯೇ, ಅದೂ ಬೇಕಾದ್ದಕ್ಕಿಂತ ಹೆಚ್ಚು. ಭಾಷೆಯ ತರಗತಿಯ ಈ ಆತಂಕ ಬೇರೆ ವಿಷಯಗಳ ಆತಂಕಕ್ಕಿಂತ ಭಿನ್ನ ಎಂದು 1986ರಲ್ಲೇ ಸಂಶೋಧಕಿ ಎಲೈನ್ ಹಾರ್ವಿಟ್ಜ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಅದನ್ನು ಅಳೆಯಲು ಅವರು ರೂಪಿಸಿದ 33 ಹೇಳಿಕೆಗಳ ಪ್ರಶ್ನಾವಳಿ ಇಂದಿಗೂ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಹೆಸರು ಕರೆಯುತ್ತಾರೆಂದು ಗೊತ್ತಾದಾಗ ಬರುವ ನಡುಕ, ಉಳಿದವರು ನಕ್ಕಾರೆಂಬ ಭಯ, ಎರಡೂ ಆ ಪಟ್ಟಿಯಲ್ಲಿವೆ. ಅವರ ವಾದ ಸರಳ: ತಮ್ಮ ಭಾಷೆಯಲ್ಲಿ ಜಾಣರೆನಿಸಿಕೊಂಡವರು ಹೊಸ ಭಾಷೆಯಲ್ಲಿ ಬಾಯಿ ತೆರೆದ ಕೂಡಲೇ ಎಳೆಯ ಮಗುವಿನ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಹದಿಮೂರು ವರ್ಷದವರಿಗೆ, ಅದೂ ಹೊಸ ಶಾಲೆಯಲ್ಲಿ, ಹೊಸ ಮುಖಗಳ ಎದುರು, ಇದಕ್ಕಿಂತ ದೊಡ್ಡ ಸಂಕಟ ಯಾವುದಿದೆ?

ನಿಮ್ಮ ಹುಡುಗ ಲೆಕ್ಕದ ಅವಧಿಯಲ್ಲಿ ಮುಂದಿರುವವನು. ನಿಮ್ಮ ಅವಧಿಯಲ್ಲಿ ದಡ್ಡನಾಗಿ ಕಾಣುವುದಕ್ಕಿಂತ ಹೊರಗೆ ನಲ್ಲಿಯ ಹತ್ತಿರ ನಿಲ್ಲುವುದೇ ಮೇಲು ಎಂದು ಅವನಿಗೆ ಅನ್ನಿಸಿದೆ. ಅವನು ಕಾಪಾಡಿಕೊಳ್ಳುತ್ತಿರುವುದು ತನ್ನ ಮರ್ಯಾದೆಯನ್ನು. ಹಾಗಾಗಿ ಇಂಗ್ಲಿಷ್ ಶಿಕ್ಷಕರಿಗೆ ನಾನು ಹೇಳಬಯಸುವ ಮಾತು ಇಷ್ಟೇ: ಮಗು ಸರಿಯಾಗಿ ಮಾತನಾಡಬೇಕಾದರೆ ಮೊದಲು ತಪ್ಪಾಗಿ ಮಾತನಾಡಲು ಧೈರ್ಯ ಬೇಕು, ಆ ಧೈರ್ಯಕ್ಕೆ ಜಾಗ ಮಾಡಿಕೊಡುವುದು ಶಿಕ್ಷಕರ ಕೆಲಸ.

ಛಡಿಯ ಮಾತಿಗೂ ಉತ್ತರ ಇಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಹಾಗಿರಲಿ, ಹೊಡೆತದ ಭಯ ಮಕ್ಕಳಿಂದ ನಕಲು ಮಾಡಿಸಬಹುದು, ಬಾಯಿಪಾಠ ಮಾಡಿಸಬಹುದು. ಮನಸ್ಸಿನಿಂದ ಒಂದು ಹೊಸ ವಾಕ್ಯವನ್ನು ಅದು ಎಂದೂ ಹೊರಡಿಸಲಾರದು. ಮಕ್ಕಳ ತೊಡಗುವಿಕೆಗೆ ಮೂರು ಮುಖಗಳಿವೆ ಎಂದು ಸಂಶೋಧಕಿ ಜೆನಿಫರ್ ಫ್ರೆಡ್ರಿಕ್ಸ್ ಮತ್ತು ಸಂಗಡಿಗರು 2004ರಲ್ಲಿ ವಿವರಿಸಿದ್ದಾರೆ: ನಡವಳಿಕೆ, ಭಾವನೆ, ಆಲೋಚನೆ. ನಿಮ್ಮ ಮಕ್ಕಳ ದುಂಡಗಿನ ನೋಟ್ಸಿನಲ್ಲಿ ಮೊದಲನೆಯದು ಮಾತ್ರ ಇದೆ. ಉಳಿದೆರಡು ಇನ್ನೂ ಬಾಗಿಲ ಹೊರಗಿವೆ.

ಮೊದಲು ಆ ಹುಡುಗ

ಅವನನ್ನು ಒಂಟಿಯಾಗಿ ಭೇಟಿಯಾಗಿ. ಸ್ಟಾಫ್ ರೂಮಿಗೆ ಕರೆಸಬೇಡಿ, ಅದು ವಿಚಾರಣೆಯಂತೆ ಕಾಣುತ್ತದೆ. ಆಟದ ಹೊತ್ತಿನಲ್ಲೋ ಶಾಲೆ ಬಿಟ್ಟಾಗಲೋ ಅವನ ಭಾಷೆಯಲ್ಲೇ ಚಿಕ್ಕದಾಗಿ ಹೇಳಿ: ‘ಅವತ್ತ ನಾ ಹಂಗ ಅನ್ನಬಾರದಿತ್ತಪಾ. ನಗೋರನ್ನ ಬಿಟ್ಟು ನಿನ್ನ ಬೈದೆ, ಅದು ನನ್ನ ತಪ್ಪು.’ ಇಷ್ಟು ಸಾಕು. ‘ಆದರ ನೀನೂ ಸರಿಯಾಗಿ ಓದಬೇಕಿತ್ತು’ ಎಂದು ಬಾಲ ಸೇರಿಸಬೇಡಿ, ‘ಪರವಾಗಿಲ್ರಿ’ ಎಂದು ಅವನ ಬಾಯಿಂದ ಹೇಳಿಸಲೂ ಬೇಡಿ. ಅವನು ತಲೆ ತಗ್ಗಿಸಿ ನಿಂತರೂ ಮಾತು ತಲುಪಿರುತ್ತದೆ. ಶಿಕ್ಷಕರು ಕ್ಷಮೆ ಕೇಳಿದರೆ ಸದರ ಆಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿದೆ. ಮಕ್ಕಳು ಅದನ್ನು ದೌರ್ಬಲ್ಯವೆಂದು ಎಣಿಸುವುದು ಬಹಳ ಅಪರೂಪ.

ಅವಮಾನ ಎಲ್ಲರೆದುರು ಆದದ್ದರಿಂದ ದುರಸ್ತಿಯ ಒಂದು ಭಾಗ ಎಲ್ಲರೆದುರೇ ಆಗಬೇಕು, ಅವನ ಹೆಸರೆತ್ತದೆ. ಅದಕ್ಕೊಂದು ಒಳ್ಳೆಯ ಪಾಠ ನಿಮ್ಮ ಕೈಯಲ್ಲೇ ಇದೆ. ನೈಫ್, ನೀ, ನಾಟ್, ನೈಟ್ ಪದಗಳ ಮೊದಲಿಗೆ ಬರುವ ‘ಕೆ’ ಅಕ್ಷರವನ್ನು ಕೆಲವು ನೂರು ವರ್ಷಗಳ ಹಿಂದೆ ಇಂಗ್ಲಿಷರೂ ಉಚ್ಚರಿಸುತ್ತಿದ್ದರು. ಕಾಲಾಂತರದಲ್ಲಿ ನಾಲಿಗೆ ಅದನ್ನು ಬಿಟ್ಟಿತು, ಬರವಣಿಗೆಯಲ್ಲಿ ಉಳಿಯಿತು. ಆ ನಾಲ್ಕೂ ಪದಗಳನ್ನು ಬೋರ್ಡಿನ ಮೇಲೆ ಬರೆದು ಈ ಕಥೆ ಹೇಳಿ. ಕನ್ನಡದಲ್ಲಿ ಬರೆದಂತೆ ಓದುವ ರೂಢಿಯಿರುವ ಮಗು ಇಲ್ಲೂ ಹಾಗೆಯೇ ಓದಿದರೆ ಅದು ದಡ್ಡತನವಲ್ಲ, ತನಗೆ ಗೊತ್ತಿರುವ ನಿಯಮವನ್ನು ಸರಿಯಾಗಿ ಬಳಸಿದ್ದು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಅವನಿಗಂತೂ ಖಂಡಿತ ಅರ್ಥವಾಗುತ್ತದೆ.

ಸ್ವಲ್ಪ ಕಾಲ ಅವನನ್ನು ಒಬ್ಬನೇ ನಿಂತು ಓದಲು ಕರೆಯಬೇಡಿ. ಎಲ್ಲರೂ ಒಟ್ಟಾಗಿ ಓದುವಾಗ, ಪಕ್ಕದವನ ಜೊತೆ ಓದುವಾಗ ಅವನ ದನಿ ಮರಳಲಿ. ಅಷ್ಟಾದ ಮೇಲೂ ಹೊರಗೇ ಉಳಿಯುತ್ತಿದ್ದರೆ, ಬೇರೆ ಅವಧಿಗಳಲ್ಲೂ ಮಂಕಾಗಿದ್ದರೆ, ತರಗತಿ ಶಿಕ್ಷಕರ ಜೊತೆ ಸೇರಿ ಮನೆಯವರನ್ನು ಮಾತನಾಡಿಸಿ. ಕಾರಣ ನಿಮ್ಮ ಗದರಿಕೆಗಿಂತ ಬೇರೆಯದೂ ಇರಬಹುದು.

ಆ ಇಬ್ಬರು ಹುಡುಗಿಯರನ್ನೂ ಮರೆಯಬೇಡಿ. ಖಾಸಗಿ ಶಾಲೆ ಬಿಟ್ಟು ಬಂದಿದ್ದಾರೆ ಎಂದರೆ ಮನೆಯಲ್ಲಿ ಏನೋ ಕಷ್ಟ ಬಂದಿರಬಹುದು, ಹಳೆಯ ಗೆಳತಿಯರು ತಪ್ಪಿಹೋಗಿದ್ದಾರೆ. ಹೊಸ ಜಾಗದಲ್ಲಿ ತಮ್ಮದು ಎಂದು ಹಿಡಿದುಕೊಳ್ಳಲು ಅವರಿಗಿರುವುದು ಇಂಗ್ಲಿಷ್ ಒಂದೇ. ಕನ್ನಡ ಬರೆಯುವಾಗ ಅವರು ತಡವರಿಸುತ್ತಿರಬಹುದು. ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಚಂದವಾಗಿ ಹೇಳುವ ಕೆಲಸವನ್ನು, ಅವರನ್ನು ಕನ್ನಡ ಮಾಧ್ಯಮದಿಂದ ಬಂದವರ ಜೊತೆ ಸೇರಿಸಿ, ಜೋಡಿಗಳಿಗೆ ಕೊಟ್ಟು ನೋಡಿ. ಒಬ್ಬರ ಅಗತ್ಯ ಇನ್ನೊಬ್ಬರಿಗೆ ಬೀಳುತ್ತದೆ, ನಗುವ ಕಾರಣ ಕರಗುತ್ತದೆ.

ತರಗತಿಯಲ್ಲಿ ಬದಲಿಸಬಹುದಾದದ್ದು

ಮೊದಲನೆಯದು ನಗುವಿನ ವಿಷಯ. ಪ್ರಯತ್ನ ಮಾಡಿದವರನ್ನು ನೋಡಿ ಯಾರೂ ನಗಬಾರದು ಎಂಬ ಒಂದು ನಿಯಮವನ್ನು ಮಕ್ಕಳ ಜೊತೆ ಸೇರಿಯೇ ಮಾಡಿ. ಅದನ್ನು ಮುರಿದಾಗ ಕೂಗಾಡಬೇಡಿ. ಪಾಠ ನಿಲ್ಲಿಸಿ, ದನಿ ತಗ್ಗಿಸಿ ‘ಇಲ್ಲಿ ಓದಾಕ ಧೈರ್ಯ ಮಾಡಿದವರಿಗೆ ಯಾರೂ ನಗಂಗಿಲ್ಲ’ ಎಂದು ಹೇಳಿ ಓದುತ್ತಿದ್ದ ಮಗುವಿನ ಕಡೆ ತಿರುಗಿ. ಪ್ರತಿ ಸಲವೂ ಹೀಗೆಯೇ ಮಾಡಬೇಕು. ಒಂದು ಸಲ ಬಿಟ್ಟರೆ ನಿಯಮ ಸತ್ತಂತೆ.

ಎರಡನೆಯದು ಕಾಯುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದುದು ಕಂಡಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ನಿಮ್ಮ ಮಕ್ಕಳು ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಂಡು, ಉತ್ತರ ಯೋಚಿಸಿ, ಮತ್ತೆ ಇಂಗ್ಲಿಷಿಗೆ ಒಯ್ಯಬೇಕು. ಅವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆಮೇಲೆ ಒಂದು ನಿಮಿಷ ಪಕ್ಕದವರ ಜೊತೆ ಮಾತಾಡಿಕೊಳ್ಳಲು ಬಿಡಿ, ಅದು ಕನ್ನಡದಲ್ಲಿ ನಡೆದರೂ ಆತಂಕವಿಲ್ಲ. ಮಕ್ಕಳ ಬಹುಭಾಷಿಕತೆ ತರಗತಿಯ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಜೋಡಿಯಲ್ಲಿ ಮಾತಾಡಿಕೊಂಡ ಉತ್ತರ ‘ನಮ್ಮ’ ಉತ್ತರವಾಗುತ್ತದೆ, ತಪ್ಪಾದರೆ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ.

ಮೂರನೆಯದು ತಿದ್ದುವುದು. ಮಕ್ಕಳಿಗೆ ನೋವಾದೀತೆಂದು ತಪ್ಪನ್ನು ಹಾಗೇ ಬಿಡುವುದು ಕರುಣೆ ಎನ್ನಿಸಿಕೊಳ್ಳುವುದಿಲ್ಲ. ಮಗು ‘ಹಿ ಗೋ ಟು ಮಾರ್ಕೆಟ್’ ಎಂದಾಗ ‘ಹೌದು, ಹಿ ಗೋಸ್ ಟು ದ ಮಾರ್ಕೆಟ್’ ಎಂದು ನಾವು ಸರಿಪಡಿಸಿ ಮುಂದೆ ಹೋಗುತ್ತೇವೆ. ಕೆನಡಾದಲ್ಲಿ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕ್ಷಕರು ಅತಿ ಹೆಚ್ಚು ಬಳಸಿದ ವಿಧಾನ ಇದೇ, ಮಕ್ಕಳಿಂದ ಅತಿ ಕಡಿಮೆ ಪ್ರತಿಕ್ರಿಯೆ ಹೊರಟದ್ದೂ ಇದಕ್ಕೇ. ಆದರೂ ಮಾತನಾಡುತ್ತಿರುವಾಗ ಇಷ್ಟು ಮೃದುವಾಗಿ ತಿದ್ದಿದರೆ ಸಾಕು, ಮಗುವಿನ ಓಟ ನಿಲ್ಲುವುದಿಲ್ಲ. ಆದರೆ ಅಂದಿನ ಮೂರು ತಪ್ಪುಗಳನ್ನು ಗುರುತು ಹಾಕಿಕೊಂಡು, ಅವಧಿಯ ಕೊನೆಯಲ್ಲಿ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಬರೆದು, ಸರಿಪಡಿಸುವ ಕೆಲಸವನ್ನು ಇಡೀ ತರಗತಿಗೆ ಕೊಡಿ. ಆಗ ತಪ್ಪು ಎಲ್ಲರ ಲೆಕ್ಕವಾಗುತ್ತದೆ.

ನಾಲ್ಕನೆಯದು ಬಿಡಿಸಲು ಸಮಸ್ಯೆ ಕೊಡುವುದು, ಅದಕ್ಕೆ ನಮ್ಮದೇ ನಾಡಿನ ಉದಾಹರಣೆ ಇದೆ. ಭಾಷಾ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ಇಂಗ್ಲಿಷ್ ಬೋಧನೆಯ ಜಗತ್ತು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ಅಲ್ಲಿ ವ್ಯಾಕರಣದ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆಯಂಥವನ್ನು ಮುಂದಿಟ್ಟು ಮಕ್ಕಳಿಗೆ ಬಿಡಿಸಲು ಸಮಸ್ಯೆ ಕೊಡುತ್ತಿದ್ದರು. ಮೊದಲು ಒಂದು ಸಮಸ್ಯೆಯನ್ನು ಶಿಕ್ಷಕರು ಇಡೀ ತರಗತಿಯ ಜೊತೆ ಬಿಡಿಸಿ ತೋರಿಸುತ್ತಿದ್ದರು, ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಮಾಡುತ್ತಿದ್ದರು. ಉತ್ತರ ಸರಿಯೇ ಎಂಬುದೇ ಮುಖ್ಯ, ಭಾಷೆಯ ತಪ್ಪು ಗೌಣ. ಮನಸ್ಸು ಸಮಸ್ಯೆಯಲ್ಲಿ ಮುಳುಗಿದಾಗ ‘ನಾನು ಹೇಗೆ ಕಾಣುತ್ತೇನೆ’ ಎಂಬ ಚಿಂತೆ ಹಿಂದೆ ಸರಿಯುತ್ತದೆ.

ನೀವು ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸುಗಳ ಒಂದು ಪಟ್ಟಿ ಮಾಡಿ. ಅಜ್ಜಿಯನ್ನು ಹತ್ತು ಗಂಟೆಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೋರಿಸಬೇಕು, ಯಾವ ಬಸ್ಸು ಹಿಡಿಯಬೇಕು, ಅದು ತಪ್ಪಿದರೆ ಮುಂದಿನದು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿ. ಇಲ್ಲವೇ ಬ್ಯಾಡಗಿ ಮಾರುಕಟ್ಟೆಗೆ ಮೂರು ಚೀಲ ಮೆಣಸಿನಕಾಯಿ ಒಯ್ದ ರೈತನ ಲೆಕ್ಕ ಕೊಡಿ. ‘ಸೆವೆನ್ ಥರ್ಟಿ’, ‘ಥರ್ಡ್ ಬ್ಯಾಗ್’ ಎಂಬ ಒಂದೆರಡು ಪದದ ಉತ್ತರವೂ ಇಲ್ಲಿ ಪೂರ್ಣ ಉತ್ತರ. ಲೆಕ್ಕದಲ್ಲಿ ಮುಂದಿರುವ ನಿಮ್ಮ ಹುಡುಗ ಇಲ್ಲಿ ಯಾರಿಗಿಂತಲೂ ಮೊದಲೇ ಉತ್ತರ ಕಂಡುಹಿಡಿಯುತ್ತಾನೆ. ಇಂಗ್ಲಿಷ್ ಅವಧಿಯಲ್ಲೂ ಜಾಣನಾಗಿರುವ ದಾರಿ ಅವನಿಗೆ ಸಿಕ್ಕಿದರೆ ನಲ್ಲಿಯ ನೆಪ ತಾನಾಗಿ ಬಿಟ್ಟುಹೋದೀತು.

ನಿಮ್ಮ ದಣಿವಿನ ಬಗ್ಗೆ

ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. 80ರಲ್ಲಿ ಮಗುವಿನ ಮಾತಿಗೆ ಜಾಗವೇ ಇಲ್ಲ. ಎಂಟನೇ ತರಗತಿಗೇ, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ‘ಪಾಸಿಂಗ್ ಪ್ಯಾಕೇಜಿ’ನ ನೆರಳು ಬಿದ್ದಿರುತ್ತದೆ, ಸಿಲೆಬಸ್ ಮುಗಿಸುವ ಅವಸರ ಬೇರೆ. ಅದರ ನಡುವೆ ‘ಭಾವನಾತ್ಮಕ ಬುದ್ಧಿಮತ್ತೆ ಬೆಳೆಸಿಕೊಳ್ಳಿ’ ಎಂದರೆ ಶಿಕ್ಷಕರ ಹೆಗಲಿಗೆ ಇನ್ನೊಂದು ಹೊರೆ ಹೊರಿಸಿದಂತೆ ಕೇಳಿಸುವುದು ಸಹಜ. ಒಂದೇ ಕೋಣೆಯಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳಿರುವುದಕ್ಕೆ ನಿಮ್ಮ ಸ್ವಭಾವ ಕಾರಣವಲ್ಲ, ನಿಮ್ಮ ತಾಳ್ಮೆಯೊಂದೇ ಅದಕ್ಕೆ ಪರಿಹಾರವೂ ಅಲ್ಲ. ಇದನ್ನು ಶಾಲೆಯ ಸಭೆಯಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದೆ ಹೇಳುವ ಹಕ್ಕು ನಿಮಗಿದೆ. ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಚಟುವಟಿಕೆಗಳಲ್ಲಾದರೂ ಮಾತಿಗೆ ಅಂಕ ಇಡಿ, ಮಾತಿಗೂ ಬೆಲೆಯಿದೆ ಎಂದು ಮಕ್ಕಳಿಗೆ ಗೊತ್ತಾಗಲಿ.

ಒಳಗಿಲ್ಲದ ನಗುವನ್ನು ಮುಖಕ್ಕೆ ತಂದುಕೊಳ್ಳುವುದೂ ಒಂದು ದುಡಿಮೆಯೇ ಎಂದು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಬರೆದರು. ಅದು ಮೈ ಮುರಿಯುವ ಕೆಲಸದಷ್ಟೇ ದಣಿಸುತ್ತದೆ. ಹಾಗಾಗಿ ನಟಿಸಬೇಡಿ. ತಲೆ ಸಿಡಿಯುತ್ತಿದ್ದರೆ ‘ಇವತ್ತ ನನಗ ಆರಾಮಿಲ್ಲ, ಸ್ವಲ್ಪ ಸಾವಕಾಶ ಹೋಗೂಣು’ ಎಂದು ಮಕ್ಕಳಿಗೇ ಹೇಳಿ. ಒಂದು ಇಂಗ್ಲಿಷ್ ಪದದ ಉಚ್ಚಾರಣೆ ನಿಮಗೆ ಖಚಿತವಿಲ್ಲದಿದ್ದರೆ ‘ಬರ್ರಿ, ನಿಘಂಟಿನ್ಯಾಗ ನೋಡೂಣು’ ಎಂದು ಎಲ್ಲರೆದುರೇ ಹುಡುಕಿ. ಕಲಿಯುವುದರಲ್ಲಿ ನಾಚಿಕೆಯಿಲ್ಲ ಎಂದು ಹತ್ತು ಸಲ ಉಪದೇಶಿಸುವುದಕ್ಕಿಂತ ಇದು ಹೆಚ್ಚು ಮನಮುಟ್ಟುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಶಿಕ್ಷಕಿಯಾದ ನಿಮ್ಮ ದಾರಿಯನ್ನು ಮುಚ್ಚಿಡಬೇಡಿ. ಆ ಹಾದಿಯ ಕಲ್ಲುಮುಳ್ಳು ಬಲ್ಲವರೇ ತಮಗೆ ಪಾಠ ಹೇಳುತ್ತಿದ್ದಾರೆ ಎಂಬುದು ಆ ಮಕ್ಕಳಿಗೆ ದೊಡ್ಡ ಭರವಸೆ.

ನಿದ್ದೆ ಹೀಗೆಯೇ ಕೆಡುತ್ತಿದ್ದರೆ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನಸ್ಸು ಬಿಚ್ಚಿ ಮಾತನಾಡಬಲ್ಲ ಒಬ್ಬ ಸಹೋದ್ಯೋಗಿಯನ್ನಾದರೂ ಶಾಲೆಯಲ್ಲೋ ಪಕ್ಕದ ಶಾಲೆಯಲ್ಲೋ ಹುಡುಕಿಕೊಳ್ಳಿ.

ಇವೆಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ. ಸೋಮವಾರ ಹುಡುಗನ ಜೊತೆ ಮಾತನಾಡಿ. ಈ ವಾರ ನಗುವಿನ ನಿಯಮ ಮತ್ತು ಹತ್ತರವರೆಗಿನ ಎಣಿಕೆ ಸಾಕು. ಬಸ್ಸಿನ ಪಟ್ಟಿ ಮುಂದಿನ ವಾರಕ್ಕಿರಲಿ. ಪ್ರತಿದಿನ ಅವಧಿ ಮುಗಿದ ಮೇಲೆ ಎಷ್ಟು ಮಕ್ಕಳು ಸರಿಯಾಗಿ ಹೇಳಿದರು ಎಂಬುದನ್ನು ಬಿಟ್ಟು, ಎಷ್ಟು ಮಕ್ಕಳು ಹೇಳಲು ಮುಂದೆ ಬಂದರು ಎಂದು ಬರೆದಿಡಿ. ಆ ಸಂಖ್ಯೆ ನಿಧಾನವಾಗಿ ಏರುತ್ತದೆ, ಕೆಲವು ದಿನ ಇಳಿಯುತ್ತದೆ. ಸಂಪನ್ಮೂಲ ವ್ಯಕ್ತಿ ಹೇಳಿದ ಬುದ್ಧಿಮತ್ತೆ ನಿಮ್ಮಲ್ಲಿ ಬೆಳೆಯುತ್ತಿದೆಯೇ ಎಂದು ತಿಳಿಯಲು ಅದಕ್ಕಿಂತ ನಂಬಲರ್ಹವಾದ ಅಳತೆ ನನಗೆ ಕಾಣುವುದಿಲ್ಲ.